ಹೊತ್ತುಗಳ ಹೊತ್ತಗೆ: ಬೆರ್ರಿ ಡ್ಯೂಕನ ಹನ್ನೆರಡು ತಿಂಗಳ ಚಿತ್ರಪುಟಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಪುಸ್ತಕ?

ಫ್ರಾನ್ಸಿನಲ್ಲಿ ಹದಿನೈದನೆಯ ಶತಮಾನದ ಆರಂಭದಲ್ಲಿ ಕೈಯಿಂದ ಬರೆದು, ಕೈಯಿಂದಲೇ ಚಿತ್ರಿಸಿದ ಒಂದು ಪ್ರಾರ್ಥನಾ ಪುಸ್ತಕ ಇದು. ಫ್ರೆಂಚಿನಲ್ಲಿ ಇದನ್ನು ‘ತ್ರೆ ರಿಶ್ ಅರ್’ ಎನ್ನುತ್ತಾರೆ. ‘ಬಹು ಸಿರಿವಂತ ಹೊತ್ತುಗಳು’ ಎಂದು ಕನ್ನಡಿಸಬಹುದು. ಇದರಲ್ಲಿ 206 ಹಾಳೆಗಳಿವೆ, ಒಂದೊಂದು ಹಾಳೆಯೂ ಸುಮಾರು 29 ಸೆಂಟಿಮೀಟರ್ ಎತ್ತರ, 21 ಸೆಂಟಿಮೀಟರ್ ಅಗಲವಾಗಿದೆ. ಅಂದರೆ ನಾವು ದಿನವೂ ಬಳಸುವ ಎ-ಫೋರ್ ಕಾಗದದಷ್ಟೇ. ಚಿತ್ರಗಳು ಸಣ್ಣವೂ ದೊಡ್ಡವೂ ಸೇರಿ 131. ಪ್ರಪಂಚದಲ್ಲಿ ಇದರದ್ದು ಒಂದೇ ಪ್ರತಿ. ಅದು ಪ್ಯಾರಿಸಿನ ಉತ್ತರಕ್ಕಿರುವ ಶಾಂತಿಯಿ ಅರಮನೆಯ ಕೊಂದೆ ಸಂಗ್ರಹಾಲಯದಲ್ಲಿ, ಹಸ್ತಪ್ರತಿ ಸಂಖ್ಯೆ 65 ಎಂಬ ಗುರುತಿನಲ್ಲಿದೆ.

ಇಷ್ಟೊಂದು ಚಿತ್ರಗಳಿದ್ದರೂ ಜನ ಮತ್ತೆ ಮತ್ತೆ ನೋಡುವುದು ಮೊದಲಿಗೆ ಬರುವ ಹನ್ನೆರಡನ್ನು. ತಿಂಗಳಿಗೊಂದರಂತೆ ವರ್ಷವಿಡೀ ಹಳ್ಳಿಯಲ್ಲಿ ನಡೆಯುವ ಕೆಲಸಗಳೂ ಅರಮನೆಯವರು ಕಾಲ ಕಳೆಯುವ ವಿನೋದಗಳೂ ಆ ಪುಟಗಳಲ್ಲಿವೆ. ಇಲ್ಲಿನ ಪ್ರಶ್ನೋತ್ತರಗಳಲ್ಲಿ ಹೆಚ್ಚಿನವು ಅವುಗಳನ್ನು ಕುರಿತೇ ಇವೆ.

ಪ್ರಾರ್ಥನಾ ಪುಸ್ತಕದಲ್ಲಿ ಉಳುಮೆ, ಕುಯಿಲು, ಬೇಟೆಗಳಿಗೆ ಏನು ಕೆಲಸ?

ಮಧ್ಯಯುಗದ ಕ್ರೈಸ್ತ ಮಠಗಳಲ್ಲಿ ಹಗಲಿರುಳನ್ನು ಎಂಟು ಪ್ರಾರ್ಥನೆಯ ಹೊತ್ತುಗಳಾಗಿ ವಿಂಗಡಿಸಿದ್ದರು. ಮಠದ ಹೊರಗಿನ ಗೃಹಸ್ಥರೂ ಅದೇ ಕ್ರಮವನ್ನು ಚಿಕ್ಕದಾಗಿಸಿಕೊಂಡು ಮನೆಯಲ್ಲಿ ಪಾಲಿಸಲೆಂದು ಸಿದ್ಧಪಡಿಸಿದವು ಈ ಬಗೆಯ ಪುಸ್ತಕಗಳು. ಕನ್ನಡದಲ್ಲಿ ಇದಕ್ಕೆ ‘ಹೊತ್ತುಗಳ ಹೊತ್ತಗೆ’ ಎಂಬ ಹೆಸರು ತಾನಾಗಿಯೇ ಒದಗಿಬರುತ್ತದೆ. ‘ಹೊತ್ತಗೆ’ ಎಂಬುದು ‘ಪುಸ್ತಕ’ದ ತದ್ಭವ, ‘ಹೊತ್ತು’ ಎಂಬುದಕ್ಕೂ ಅದಕ್ಕೂ ಹುಟ್ಟಿನ ನಂಟಿಲ್ಲ. ಆದರೂ ಎರಡೂ ಇಲ್ಲಿ ಇಷ್ಟು ಚೆನ್ನಾಗಿ ಜೊತೆಗೂಡುವುದರಿಂದ ಬಳಸದೆ ಇರಲು ಮನಸ್ಸಾಗದು.

ಯಾವ ದಿನ ಯಾವ ಸಂತನ ಹಬ್ಬ ಎಂದು ತಿಳಿಯದೆ ಪ್ರಾರ್ಥನೆ ಸಾಗದು. ಆದ್ದರಿಂದ ಇಂಥ ಪುಸ್ತಕಗಳ ಮೊದಲಿಗೆ ಒಂದು ಪಂಚಾಂಗವಿರುತ್ತಿತ್ತು. ಆಯಾ ತಿಂಗಳ ಪಟ್ಟಿಯ ಪಕ್ಕದಲ್ಲಿ ಆ ತಿಂಗಳ ಕೆಲಸವನ್ನು ಚಿಕ್ಕದಾಗಿ ಚಿತ್ರಿಸುವುದು ಯುರೋಪಿನಲ್ಲಿ ಮೊದಲಿನಿಂದಲೂ ಇದ್ದ ಪದ್ಧತಿ. ಚರ್ಚುಗಳ ಬಾಗಿಲುವಾಡದ ಶಿಲ್ಪಗಳಲ್ಲಿಯೂ ಅದನ್ನು ಕಾಣಬಹುದು. ಈ ಪುಸ್ತಕದ ಚಿತ್ರಕಾರರು ಅಂಗೈಯಗಲದ ಆ ಚಿತ್ರವನ್ನು ಇಡೀ ಪುಟಕ್ಕೆ ಹಿಗ್ಗಿಸಿದರು. ಎಡಗಡೆಯ ಪುಟ ಪೂರ್ತಿ ಚಿತ್ರ, ಎದುರಿನ ಬಲಪುಟದಲ್ಲಿ ಪಂಚಾಂಗ. ಆ ಪಟ್ಟಿಯಲ್ಲಿ ಸಂತರ ಹೆಸರುಗಳ ಜೊತೆಗೆ ಹಗಲಿನ ಉದ್ದ ಎಷ್ಟು ಗಂಟೆ, ಎಷ್ಟು ನಿಮಿಷ ಎಂಬುದನ್ನೂ ಬರೆದಿದ್ದಾರೆ.

ಮಾಡಿಸಿದವನು ಯಾರು?

ಫ್ರಾನ್ಸಿನ ದೊರೆ ಎರಡನೆಯ ಜಾನನ ಮೂರನೆಯ ಮಗ, ಬೆರ್ರಿಯ ಡ್ಯೂಕ್ ಜಾಂ. ಹುಟ್ಟಿದ್ದು 1340ರ ನವೆಂಬರ್ 30ರಂದು, ಪ್ಯಾರಿಸ್ ಬಳಿಯ ವ್ಯಾನ್ಸೆನ್ ಕೋಟೆಯಲ್ಲಿ. ತೀರಿಕೊಂಡಿದ್ದು 1416ರ ಜೂನ್ 15ರಂದು, ಪ್ಯಾರಿಸಿನಲ್ಲಿ. ಐದನೆಯ ಚಾರ್ಲ್ಸನಿಗೆ ತಮ್ಮ, ಬುದ್ಧಿಭ್ರಮಣೆಯಿಂದ ನರಳಿದ ಆರನೆಯ ಚಾರ್ಲ್ಸನಿಗೆ ಚಿಕ್ಕಪ್ಪ. ಕೋಟೆ, ರತ್ನ, ನಾಯಿ, ಕರಡಿ, ಪುಸ್ತಕ, ಹೀಗೆ ಕಂಡದ್ದನ್ನೆಲ್ಲ ಕೂಡಿಡುವ ಸ್ವಭಾವ ಅವನದು. ಹೊತ್ತುಗಳ ಹೊತ್ತಗೆಗಳೇ ಅವನಲ್ಲಿ ಹತ್ತಾರು ಇದ್ದವು.

ಅದಕ್ಕೆಲ್ಲ ಹಣ ಬಂದದ್ದು ತೆರಿಗೆಯಿಂದ. ಲಾಂಗ್‌ಡಾಕ್ ಪ್ರಾಂತ್ಯ ಅವನ ಆಡಳಿತದಲ್ಲಿದ್ದ 1380ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಜನ ದಂಗೆಯೆದ್ದರು. 1411ರಲ್ಲಿ ಪ್ಯಾರಿಸಿನ ಜನ ನಗರದ ಹೊರವಲಯದ ಬಿಸೆತ್ರ್‌ನಲ್ಲಿದ್ದ ಅವನ ಅರಮನೆಗೆ ಬೆಂಕಿಯಿಟ್ಟರು. ಈ ಪುಸ್ತಕದ ಕೆಲಸ ಆರಂಭವಾದದ್ದೂ ಆ ಹೊತ್ತಿನಲ್ಲಿಯೇ ಎಂಬುದನ್ನು ಚಿತ್ರ ನೋಡುವಾಗ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಚಿತ್ರಿಸಿದವರು ಯಾರು?

ಮೂವರು ಅಣ್ಣತಮ್ಮಂದಿರು: ಪೋಲ್, ಹರ್ಮನ್, ಯಾನ್. ಇವರನ್ನು ಲಿಂಬರ್ಗ್ ಸಹೋದರರೆಂದು ಕರೆಯುವುದು ರೂಢಿ. ಊರು ಈಗಿನ ನೆದರ್ಲೆಂಡ್ಸಿನ ನೈಮೇಗನ್. ಸೋದರಮಾವ ಜಾಂ ಮಾಲುಯೆಲ್ ಬರ್ಗಂಡಿಯ ಡ್ಯೂಕನ ಆಸ್ಥಾನದಲ್ಲಿ ಚಿತ್ರಕಾರನಾಗಿದ್ದನು. ಹರ್ಮನ್ ಮತ್ತು ಯಾನ್ ಹುಡುಗರಾಗಿದ್ದಾಗ ಪ್ಯಾರಿಸಿನ ಅಕ್ಕಸಾಲಿಗನೊಬ್ಬನ ಬಳಿ ಕೆಲಸ ಕಲಿಯುತ್ತಿದ್ದರು. ಊರಿಗೆ ಹಿಂತಿರುಗುವ ದಾರಿಯಲ್ಲಿ, ತಮಗೆ ಸಂಬಂಧವೇ ಇಲ್ಲದ ಒಂದು ಯುದ್ಧದ ಕಾರಣದಿಂದ ಬ್ರಸೆಲ್ಸಿನಲ್ಲಿ ಸೆರೆಯಾದರು. ಬಿಡುಗಡೆಗೆ ಕೇಳಿದ ಹಣವನ್ನು ತಾಯಿಯಿಂದ ಹೊಂದಿಸಲಾಗದೆ, ಕೊನೆಗೆ ಬರ್ಗಂಡಿಯ ಡ್ಯೂಕ್ ಫಿಲಿಪ್ ಅದನ್ನು ತೆತ್ತು ಹುಡುಗರನ್ನು ಬಿಡಿಸಿದನು. 1404ರಲ್ಲಿ ಫಿಲಿಪ್ ತೀರಿಕೊಂಡ ಮೇಲೆ ಸಹೋದರರು ಅವನ ಅಣ್ಣನಾದ ಬೆರ್ರಿ ಡ್ಯೂಕನ ಸೇವೆಗೆ ಸೇರಿದರು. ಈ ಪುಸ್ತಕಕ್ಕಿಂತ ಮೊದಲು ಅವನಿಗಾಗಿ ಅವರು ಚಿತ್ರಿಸಿದ ಇನ್ನೊಂದು ಹೊತ್ತಗೆ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ.

ಡ್ಯೂಕನಿಗೂ ಇವರಿಗೂ ಇದ್ದ ಸಲಿಗೆಗೆ ಒಂದು ಸಾಕ್ಷಿಯಿದೆ. 1411ರ ಹೊಸ ವರ್ಷದ ಕಾಣಿಕೆಯೆಂದು ಸಹೋದರರು ಅವನಿಗೊಂದು ಪುಸ್ತಕ ಕೊಟ್ಟರು. ಬಿಳಿ ಮಖಮಲ್ಲಿನ ಹೊದಿಕೆ, ಬೆಳ್ಳಿಯ ಕೊಂಡಿಗಳು, ಎಲ್ಲವೂ ಇದ್ದವು. ಒಳಗೆ ಹಾಳೆಗಳು ಮಾತ್ರ ಇರಲಿಲ್ಲ. ಅದು ಪುಸ್ತಕದಂತೆ ಕಾಣುವ ಹಾಗೆ ಬಣ್ಣ ಬಳಿದ ಮರದ ತುಂಡು. ಪುಸ್ತಕದ ಹುಚ್ಚಿರುವ ದೊಡ್ಡ ಮನುಷ್ಯನ ಕೈಗೆ ಹೀಗೆ ಮರದ ತುಂಡನ್ನಿಟ್ಟು ನಗಿಸಬೇಕಾದರೆ ಎಷ್ಟು ಸಲಿಗೆ ಬೇಕೆಂದು ಊಹಿಸಿಕೊಳ್ಳಬಹುದು. ದೊರೆ ಅದನ್ನು ಎಸೆಯಲಿಲ್ಲ. ಅವನ ಭಂಡಾರದ ಪಟ್ಟಿಯಲ್ಲಿ ಅದೂ ದಾಖಲಾಗಿದೆ.

ಹನ್ನೆರಡು ಪುಟಗಳಲ್ಲಿ ಏನೇನಿದೆ?

ಜನವರಿಯಲ್ಲಿ ಕಾಣಿಕೆ ಕೊಡುವ ಹಬ್ಬದೂಟ ನಡೆಯುತ್ತಿದೆ. ನೀಲಿ ನಿಲುವಂಗಿ ತೊಟ್ಟ ಡ್ಯೂಕ್ ಮೇಜಿನ ಹಿಂದೆ ಕುಳಿತಿದ್ದಾನೆ, ಮೇಜಿನ ಮೇಲೆ ಹಡಗಿನಾಕಾರದ ಚಿನ್ನದ ಪಾತ್ರೆಯಿದೆ, ತಟ್ಟೆಗಳ ನಡುವೆ ಎರಡು ಪುಟ್ಟ ನಾಯಿಗಳು ಯಾರ ಹಂಗೂ ಇಲ್ಲದೆ ಓಡಾಡುತ್ತಿವೆ. ‘ಹತ್ತಿರ ಬನ್ನಿ, ಹತ್ತಿರ ಬನ್ನಿ’ ಎಂಬ ಕರೆಯನ್ನು ಅಕ್ಷರಗಳಲ್ಲಿಯೇ ಚಿತ್ರದೊಳಗೆ ಬರೆದಿದ್ದಾರೆ. ಫೆಬ್ರವರಿಯಲ್ಲಿ ಹಿಮ ಬಿದ್ದ ಹಳ್ಳಿ. ಮಾರ್ಚಿನಲ್ಲಿ ಗಡ್ಡ ಬೆಳ್ಳಗಾದ ರೈತನೊಬ್ಬ ಜೋಡೆತ್ತು ಕಟ್ಟಿ ಉಳುತ್ತಿದ್ದಾನೆ, ಅದರಾಚೆ ದ್ರಾಕ್ಷಿ ಬಳ್ಳಿ ಸವರುವವರೂ ಕುರಿ ಕಾಯುವವನೂ ಇದ್ದಾರೆ. ಹಿಂದಿರುವುದು ಲುಸಿನ್ಯಾಂ ಕೋಟೆ. ಅದರ ಗೋಪುರದ ಮೇಲೆ ಹಾರುತ್ತಿರುವ ಚಿನ್ನದ ಬಣ್ಣದ ಸರ್ಪ ಆ ಕೋಟೆಯನ್ನು ಕಟ್ಟಿದಳೆನ್ನುವ ಮೆಲುಸೀನ್ ಎಂಬ ಜಾನಪದದ ಯಕ್ಷಿಣಿ.

ಏಪ್ರಿಲಿನಲ್ಲಿ ಉಂಗುರ ಬದಲಾಯಿಸಿಕೊಳ್ಳುವ ಜೋಡಿಯೂ ಬಗ್ಗಿ ಹೂ ಕೀಳುವ ಹುಡುಗಿಯರೂ ಇದ್ದಾರೆ. ಮೇ ತಿಂಗಳ ಮೊದಲ ದಿನ ಹಸಿರೆಲೆ ಮುಡಿದು ಕುದುರೆಯೇರಿ ಹೊರಡುವುದು ಅಲ್ಲಿನ ಪದ್ಧತಿ. ಆ ಮೆರವಣಿಗೆ ಮೇ ಪುಟದಲ್ಲಿದೆ. ಜೂನಿನಲ್ಲಿ ಸೇನ್ ನದಿಯ ದಂಡೆಯಲ್ಲಿ ಹುಲ್ಲು ಕುಯ್ಯುತ್ತಿದ್ದಾರೆ. ಗಂಡಸರು ಉದ್ದ ಹಿಡಿಯ ಕುಡುಗೋಲನ್ನು ಬೀಸುತ್ತಿದ್ದರೆ, ಬರಿಗಾಲಿನ ಇಬ್ಬರು ಹೆಂಗಸರು ಹುಲ್ಲನ್ನು ಎಳೆದು ಗುಪ್ಪೆ ಹಾಕುತ್ತಿದ್ದಾರೆ. ಹಿಂದೆ ಪ್ಯಾರಿಸಿನ ರಾಜರ ಅರಮನೆ, ಅದರ ಬಲಕ್ಕೆ ಇಂದಿಗೂ ನಿಂತಿರುವ ಸೇಂತ್ ಶಪೆಲ್ ಎಂಬ ಪ್ರಾರ್ಥನಾ ಮಂದಿರ. ಜುಲೈನಲ್ಲಿ ಪ್ವಾತ್ಯೇ ಕೋಟೆಯ ಮುಂದೆ ಗೋಧಿ ಕುಯಿಲು ಮತ್ತು ಕುರಿಗಳ ಉಣ್ಣೆ ಕತ್ತರಿಸುವ ಕೆಲಸ. ಆಗಸ್ಟಿನಲ್ಲಿ ಎತಾಂಪ್ ಕೋಟೆಯ ಮುಂದೆ ಡೇಗೆಗಳನ್ನು, ಅಂದರೆ ಬೇಟೆಗೆ ಪಳಗಿಸಿದ ಗಿಡುಗಗಳನ್ನು ಹಿಡಿದು ಬೇಟೆಗೆ ಹೊರಟ ಶ್ರೀಮಂತರು.

ಸೆಪ್ಟೆಂಬರಿನಲ್ಲಿ ಸೋಮ್ಯುರ್ ಕೋಟೆಯ ಕೆಳಗೆ ದ್ರಾಕ್ಷಿ ಕೊಯ್ಯುತ್ತಿದ್ದಾರೆ. ಒಬ್ಬನು ಬುಟ್ಟಿಗೆ ಹಾಕುವುದನ್ನು ಬಿಟ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದಾನೆ. ಅಕ್ಟೋಬರಿನಲ್ಲಿ ಲೂವ್ರ್ ಕೋಟೆಯ ಎದುರು ಬಿತ್ತನೆ. ನವೆಂಬರಿನಲ್ಲಿ ಹಂದಿ ಕಾಯುವವನು ಕೋಲೆಸೆದು ಓಕ್ ಮರದ ಕಾಯಿಗಳನ್ನು ಉದುರಿಸುತ್ತಿದ್ದಾನೆ. ಡಿಸೆಂಬರಿನಲ್ಲಿ ಕಾಡುಹಂದಿಯ ಮೇಲೆ ಬೇಟೆನಾಯಿಗಳು ಮುಗಿಬಿದ್ದಿವೆ, ಮರಗಳ ತುದಿಯ ಮೇಲೆ ವ್ಯಾನ್ಸೆನ್ನಿನ ಗೋಪುರಗಳು ಕಾಣುತ್ತವೆ. ಡ್ಯೂಕ್ ಹುಟ್ಟಿದ ಕೋಟೆ ಅದೇ ಎಂಬುದನ್ನು ಮೇಲೆ ಹೇಳಿದೆ.

ಒಂದೇ ಒಂದು ಪುಟವನ್ನು ಹತ್ತಿರದಿಂದ ನೋಡುವುದಾದರೆ ಯಾವುದನ್ನು ನೋಡಬೇಕು?

ಫೆಬ್ರವರಿಯನ್ನು. ಇದರಲ್ಲಿ ಕೋಟೆಯೂ ಇಲ್ಲ, ದೊರೆಯೂ ಇಲ್ಲ, ಇರುವುದು ಒಬ್ಬ ರೈತನ ಮನೆ ಮತ್ತು ಚಳಿ. ಐರೋಪ್ಯ ಚಿತ್ರಕಲೆಯಲ್ಲಿ ಹಿಮ ಬಿದ್ದ ನೆಲವನ್ನು ಹೀಗೆ ಪೂರ್ತಿಯಾಗಿ ಚಿತ್ರಿಸಿದ ಅತಿ ಹಳೆಯ ಪ್ರಯತ್ನಗಳಲ್ಲಿ ಇದೊಂದು.

ಎಡಕ್ಕಿರುವ ಮನೆಯ ಮುಂಗೋಡೆಯನ್ನು ಚಿತ್ರಕಾರ ತೆಗೆದುಹಾಕಿದ್ದಾನೆ, ಒಳಗಿರುವವರು ನಮಗೆ ಕಾಣಲೆಂದು. ನೀಲಿ ಬಟ್ಟೆಯ ಹೆಂಗಸು ಸೆರಗನ್ನು ಕೊಂಚವೇ ಎತ್ತಿ, ಮರ್ಯಾದೆಯಿಂದ ಒಲೆಯ ಕಾವು ಪಡೆಯುತ್ತಿದ್ದಾಳೆ. ಅವಳ ಹಿಂದಿನ ಇಬ್ಬರಿಗೆ ಆ ಎಚ್ಚರವಿಲ್ಲ. ಬಟ್ಟೆಯನ್ನು ತೊಡೆಯ ಮೇಲಕ್ಕೆ ಎತ್ತಿಕೊಂಡು ಬೆಂಕಿಗೆ ಮೈಯೊಡ್ಡಿದ್ದಾರೆ. 1948ರಲ್ಲಿ ಅಮೆರಿಕದ ‘ಲೈಫ್’ ವಾರಪತ್ರಿಕೆ ಈ ಪುಟವನ್ನು ಅಚ್ಚು ಹಾಕಿದಾಗ ಅವರ ಗುಪ್ತಾಂಗಗಳನ್ನು ತಿದ್ದಿ ಮರೆಮಾಡಿತು. ಐದು ಶತಮಾನಗಳ ಹಿಂದಿನ ಪ್ರಾರ್ಥನಾ ಪುಸ್ತಕಕ್ಕೆ ಇಲ್ಲದ ನಾಚಿಕೆ ಇಪ್ಪತ್ತನೆಯ ಶತಮಾನದ ಪತ್ರಿಕೆಗೆ ಬಂದಿತು.

ಹೊರಗಡೆ ಬನ್ನಿ. ಹೆಣೆದ ಬೇಲಿಯ ಒಳಗೆ ಕುರಿದೊಡ್ಡಿ, ಅದರ ಹುಲ್ಲಿನ ಸೂರಿನಲ್ಲೊಂದು ತೂತು, ಕೆಳಗೆ ಒಂದಕ್ಕೊಂದು ಅಂಟಿಕೊಂಡು ನಿಂತ ಕುರಿಗಳು. ಪಕ್ಕದ ಹಲಗೆಯ ಮೇಲೆ ಸಾಲಾಗಿ ಜೇನುಗೂಡುಗಳು, ಒಂದೊಂದರ ನೆತ್ತಿಯ ಮೇಲೂ ಹಿಮದ ಟೊಪ್ಪಿಗೆ. ಅಂಗಳದಲ್ಲಿ ಚೆಲ್ಲಿದ ಕಾಳನ್ನು ಹಕ್ಕಿಗಳು ಹೆಕ್ಕುತ್ತಿವೆ. ಬಲಕ್ಕೆ ತಲೆಯ ಮೇಲಿಂದ ಬಿಳಿಯ ಬಟ್ಟೆ ಹೊದ್ದ ಒಬ್ಬರು ಕೈಗೆ ಬಾಯಿಯ ಬಿಸಿಯೂದಿಕೊಳ್ಳುತ್ತ ಮನೆಯತ್ತ ಧಾವಿಸುತ್ತಿದ್ದಾರೆ. ಆ ಉಸಿರು ಚಳಿಗೆ ಬೆಳ್ಳಗಾಗಿ ಕಾಣುವುದನ್ನೂ ಚಿತ್ರಕಾರ ಬಿಟ್ಟಿಲ್ಲ. ಆಚೆ ಒಬ್ಬನು ಕೊಡಲಿ ಎತ್ತಿ ಸೌದೆ ಕಡಿಯುತ್ತಿದ್ದಾನೆ, ಇನ್ನೊಬ್ಬನು ಹೇರು ಹೊತ್ತ ಕತ್ತೆಯನ್ನು ದೂರದ ಊರಿನ ಕಡೆಗೆ ಅಟ್ಟಿಕೊಂಡು ಹೋಗುತ್ತಿದ್ದಾನೆ. ಆ ಸೂರಿನ ತೂತನ್ನು ಯಾರೂ ಕೇಳಿ ಬರೆಸಿರಲಾರರು. ಕಂಡವನು ಮಾತ್ರ ಬರೆಯಬಲ್ಲ ವಿವರ ಅದು.

ಬೇಸಾಯ ಬಲ್ಲವರು ಈ ಪುಟಗಳಲ್ಲಿ ಹೆಚ್ಚಿನದೇನನ್ನಾದರೂ ಕಾಣಬಹುದೆ?

ಖಂಡಿತವಾಗಿ ಕಾಣಬಹುದು. ಕಲೆಯ ಇತಿಹಾಸ ಓದಿದವರು ದಾಟಿಹೋಗುವ ಹಲವು ವಿವರಗಳು ಹೊಲದ ಕೆಲಸ ಕಂಡವರಿಗೆ ಥಟ್ಟನೆ ಕಣ್ಣಿಗೆ ಬೀಳುತ್ತವೆ. ಅಕ್ಟೋಬರ್ ಪುಟದಲ್ಲಿ ಒಂದು ಕುದುರೆ ಹಲುಬೆಯನ್ನು, ಅಂದರೆ ಉತ್ತ ಮಣ್ಣನ್ನು ಹದಗೊಳಿಸುವ ಹಲ್ಲುಗಳ ಚೌಕಟ್ಟನ್ನು, ಎಳೆಯುತ್ತಿದೆ. ಹಲ್ಲುಗಳು ಮಣ್ಣಿಗೆ ಆಳವಾಗಿ ಇಳಿಯಲೆಂದು ಆ ಹಲುಬೆಯ ಮೇಲೊಂದು ಕಲ್ಲು ಹೇರಿದ್ದಾರೆ. ನಮ್ಮಲ್ಲಿಯೂ ಹಲುಬೆ, ಕುಂಟೆಗಳ ಮೇಲೆ ಕಲ್ಲು ಇಡುವುದುಂಟು, ಕಲ್ಲು ಸಿಗದಿದ್ದರೆ ಮಗುವನ್ನು ಕೂರಿಸುವುದೂ ಉಂಟು. ಈ ಪುಟವನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ನಿಂತದ್ದು ಲೂವ್ರಿನ ಗೋಪುರಗಳ ಮೇಲಲ್ಲ, ಆ ಕಲ್ಲಿನ ಮೇಲೆ.

ಅದೇ ಪುಟದ ಬಲಕ್ಕೆ ನೀಲಿ ಅಂಗಿಯವನು ಮಡಿಲಲ್ಲಿ ಬೀಜ ತುಂಬಿಕೊಂಡು ಎರಚುತ್ತ ಬರುತ್ತಿದ್ದಾನೆ. ಅಂದರೆ ಇದು ಕೂರಿಗೆಯ ಬಿತ್ತನೆಯಲ್ಲ, ಚೆಲ್ಲು ಬಿತ್ತನೆ. ಎರಚಿದ ಬೀಜವನ್ನು ಹಲುಬೆ ಮಣ್ಣಿನಿಂದ ಮುಚ್ಚಬೇಕು. ಅಷ್ಟರೊಳಗೆ ತಮ್ಮ ಪಾಲು ಎತ್ತಿಕೊಳ್ಳಲು ಕಾಗೆಗಳೂ ಮ್ಯಾಗ್‌ಪೈ ಹಕ್ಕಿಗಳೂ ಅವನ ಬೆನ್ನಿಗೇ ಇಳಿದಿವೆ. ಹಿಂದಿನ ಹೊಲದಲ್ಲಿ ಬಿತ್ತನೆ ಮುಗಿದಿರುವುದರಿಂದ ಅಲ್ಲಿ ಕಾವಲು ಬಿಗಿಯಾಗಿದೆ. ಬಿಲ್ಲು ಹಿಡಿದ ಬೆದರುಬೊಂಬೆಯನ್ನು ನಿಲ್ಲಿಸಿ, ಹೊಲದ ಉದ್ದಗಲಕ್ಕೂ ದಾರ ಎಳೆದು, ಗಾಳಿಗೆ ಅಲುಗಾಡುವಂತೆ ಬಿಳಿಯ ಚೂರುಗಳನ್ನು ಕಟ್ಟಿದ್ದಾರೆ. ಇಂದು ನಮ್ಮ ಹೊಲಗಳಲ್ಲಿ ಮಿನುಗುವ ಪ್ಲಾಸ್ಟಿಕ್ ಪಟ್ಟಿ ಕಟ್ಟುವುದೂ ಇದೇ ಉಪಾಯದಿಂದ. ಮಾರ್ಚಿನ ನೇಗಿಲು ಮಾತ್ರ ನಮ್ಮದಕ್ಕಿಂತ ಬೇರೆ. ಅದಕ್ಕೆ ಗಾಲಿಗಳಿವೆ, ಅದು ಮಣ್ಣನ್ನು ಸೀಳುವುದಷ್ಟೇ ಅಲ್ಲ, ಹೆಂಟೆಯನ್ನು ಒಂದು ಪಕ್ಕಕ್ಕೆ ಮಗುಚುತ್ತದೆ. ತೇವ ಹೆಚ್ಚಿರುವ ಉತ್ತರ ಯುರೋಪಿನ ಗಡುಸು ಮಣ್ಣಿಗೆ ಅಂಥ ನೇಗಿಲೇ ಬೇಕು.

ವಿನೋದಗಳು ಯಾವುವು? ಅವು ಅರಮನೆಯವರಿಗೆ ಮಾತ್ರವೆ?

ಔತಣ, ಹೂ ಕೀಳುವುದು, ಮೇ ಮೆರವಣಿಗೆ, ಡೇಗೆಯ ಬೇಟೆ, ಹಂದಿಯ ಬೇಟೆ: ಇವೆಲ್ಲ ಮೇಲಿನವರವು. ಡೇಗೆ ಸಾಕುವುದು ದುಬಾರಿಯ ಕೆಲಸ, ಅದಕ್ಕೆಂದೇ ಪಳಗಿದ ಆಳುಗಳಿರಬೇಕು. ಆಗಸ್ಟ್ ಪುಟದಲ್ಲಿ ಅಂಥವನೊಬ್ಬನು ಉದ್ದನೆಯ ಕೋಲು ಹಿಡಿದು, ಮುಂಗೈ ಮೇಲೆ ಡೇಗೆಗಳನ್ನು ಕೂರಿಸಿಕೊಂಡು, ಕುದುರೆಗಳ ಮುಂದೆ ನಡೆಯುತ್ತಿದ್ದಾನೆ. ಆದರೆ ಅದೇ ಪುಟದ ನಡುವಿನಲ್ಲಿ, ಕೋಟೆಗಿಂತ ಕೆಳಗೆ, ಜ್ಯುಯಿನ್ ಹೊಳೆಯಲ್ಲಿ ಕೆಲವರು ಬಟ್ಟೆ ಕಳಚಿ ಈಜುತ್ತಿದ್ದಾರೆ. ಅವರ ಹಿಂದಿನ ಹೊಲದಲ್ಲಿ ಸಿವುಡು ಕಟ್ಟಿ ಗಾಡಿಗೆ ಹೇರುವ ಕೆಲಸ ಇನ್ನೂ ಮುಗಿದಿಲ್ಲ. ಹನ್ನೆರಡು ತಿಂಗಳಲ್ಲಿ ದುಡಿಯುವವರ ಪಾಲಿಗೆ ಸಿಕ್ಕ ವಿನೋದವೆಂದರೆ ಹೆಚ್ಚುಕಡಿಮೆ ಈ ಈಜು ಒಂದೇ.

ಅರಸರ ವಿನೋದಗಳನ್ನು ದಾಖಲಿಸುವ ಹಂಬಲ ಫ್ರಾನ್ಸಿಗೆ ಮಾತ್ರ ಸೀಮಿತವಲ್ಲ. ಇದಕ್ಕಿಂತ ಸುಮಾರು 280 ವರ್ಷಗಳ ಮೊದಲು, ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆ, ಮೀನು ಹಿಡಿಯುವುದು, ಡೇಗೆಯನ್ನು ಪಳಗಿಸಿ ಬಿಡುವುದು ಎಲ್ಲಕ್ಕೂ ಅಧ್ಯಾಯಗಳಿವೆ. ಅದು ಚಿತ್ರಗಳ ಪುಸ್ತಕವಲ್ಲ, ಮಾತಿನ ಪುಸ್ತಕ. ಒಂದರಿಂದ ಇನ್ನೊಂದು ಪ್ರಭಾವಿತವಾಯಿತೆಂದು ಹೇಳುವ ಉದ್ದೇಶವೂ ಇಲ್ಲಿಲ್ಲ. ಮುಂಗೈ ಮೇಲೆ ಡೇಗೆ ಕೂರಿಸಿಕೊಳ್ಳುವ ಹೆಮ್ಮೆ ಬಸವಕಲ್ಯಾಣಕ್ಕೂ ಎತಾಂಪಿಗೂ ಒಂದೇ ಆಗಿತ್ತೆಂಬುದಷ್ಟೇ ಗಮನಿಸತಕ್ಕದ್ದು.

ಅಂದಿನ ಹಳ್ಳಿಯ ಬದುಕು ನಿಜವಾಗಿ ಹೀಗೇ ಇತ್ತೆ?

ಉಪಕರಣಗಳನ್ನು ನಂಬಬಹುದು, ಬಟ್ಟೆಗಳನ್ನೂ ಬಹುಮಟ್ಟಿಗೆ ನಂಬಬಹುದು, ನೆಮ್ಮದಿಯನ್ನು ನಂಬಲಾಗದು. ಚಿತ್ರಗಳಲ್ಲಿ ಹೊಲ ಕಳೆಯಿಲ್ಲದೆ ಅಚ್ಚುಕಟ್ಟಾಗಿದೆ, ಆಕಾಶ ಒಂದೇ ನೀಲಿ, ಯಾರಿಗೂ ಹಸಿವಿಲ್ಲ. ಫ್ರಾನ್ಸಿನ ರೈತರು ಆಗ ಕಂಡದ್ದು ನೂರು ವರ್ಷಗಳ ಯುದ್ಧ, ಅಂತಃಕಲಹ, ಮರುಕಳಿಸುವ ಪ್ಲೇಗು. ಪುಸ್ತಕದ ಕೆಲಸ ನಡೆಯುತ್ತಿದ್ದಾಗಲೇ, 1415ರ ಅಕ್ಟೋಬರ್ 25ರಂದು, ಅಜಿನ್‌ಕೋರ್ಟ್ ಕಾಳಗದಲ್ಲಿ ಫ್ರೆಂಚ್ ಸೈನ್ಯ ಇಂಗ್ಲಿಷರಿಂದ ನುಚ್ಚುನೂರಾಯಿತು. ಚಿತ್ರಗಳಲ್ಲಿ ಅದರ ಸುಳಿವೂ ಇಲ್ಲ.

ಕಾರಣ ಸರಳವಾಗಿದೆ. ಇದು ರೈತ ನೋಡಲೆಂದು ಮಾಡಿದ ಚಿತ್ರವಲ್ಲ, ರೈತನ ಒಡೆಯ ನೋಡಲೆಂದು ಮಾಡಿದ್ದು. ಹೆಚ್ಚಿನ ಪುಟಗಳಲ್ಲಿ ಮುಂದೆ ದುಡಿಮೆ, ಹಿಂದೆ ಕೋಟೆ. ಆ ಕೋಟೆಗಳಲ್ಲಿ ಬಹಳಷ್ಟು ಅವನವೇ ಅಥವಾ ಅವನ ಬಂಧುಗಳವು. ಪುಟ ತಿರುವಿದಂತೆಲ್ಲ ಅವನಿಗೆ ತನ್ನ ಆಸ್ತಿಯ ಪಟ್ಟಿ ಕಾಣುತ್ತಿತ್ತು. ಹಾಗೆಂದು ಚಿತ್ರಕಾರರನ್ನು ಬರಿಯ ಹೊಗಳುಭಟರೆನ್ನಲು ನಾನು ಒಪ್ಪುವುದಿಲ್ಲ. ಹೊಗಳುವುದಷ್ಟೇ ಕೆಲಸವಾಗಿದ್ದರೆ ಹಲುಬೆಯ ಮೇಲಿನ ಕಲ್ಲಾಗಲಿ, ಕುರಿದೊಡ್ಡಿಯ ಸೂರಿನ ತೂತಾಗಲಿ ಅವರಿಗೆ ಬೇಕಿರಲಿಲ್ಲ.

ಪ್ರತಿ ಚಿತ್ರದ ಮೇಲಿರುವ ನೀಲಿ ಅರ್ಧವೃತ್ತ ಏನು?

ಅದು ಆಕಾಶ. ನಡುವಿನಲ್ಲಿ ರೆಕ್ಕೆಯ ಕುದುರೆಗಳು ಎಳೆಯುವ ರಥದಲ್ಲಿ ಸೂರ್ಯ, ಸುತ್ತಲೂ ಆ ತಿಂಗಳಿಗೆ ಸೇರಿದ ಎರಡು ರಾಶಿಗಳು. ಜನವರಿಗೆ ಮಕರ ಮತ್ತು ಕುಂಭ, ಹೀಗೆ. ಸೂರ್ಯನ ನಡೆಗೂ ಹೊಲದ ಕೆಲಸಕ್ಕೂ ಇರುವ ನಂಟನ್ನು ಕನ್ನಡದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೋಹಿಣಿ ಮಳೆ, ಮೃಗಶಿರಾ ಮಳೆ ಎಂದು ಸೂರ್ಯನಿರುವ ನಕ್ಷತ್ರದ ಹೆಸರು ಹಿಡಿದೇ ನಾವು ಬಿತ್ತನೆಯ ಕಾಲವನ್ನು ಗೊತ್ತುಮಾಡುತ್ತೇವೆ. ಅವರು ವರ್ಷವನ್ನು ಹನ್ನೆರಡಾಗಿ ಒಡೆದರೆ ನಮ್ಮ ಮಳೆಯ ಲೆಕ್ಕ ಇಪ್ಪತ್ತೇಳಾಗಿ ಒಡೆಯುತ್ತದೆ.

ಬಣ್ಣ ಇಷ್ಟು ಹೊಸದಾಗಿ ಉಳಿದದ್ದು ಹೇಗೆ?

ಮುಚ್ಚಿಟ್ಟಿದ್ದರಿಂದ. ಗೋಡೆಯ ಚಿತ್ರಕ್ಕೆ ಬೆಳಕು ದಿನವೂ ತಾಗುತ್ತದೆ, ಪುಸ್ತಕದೊಳಗಿನ ಚಿತ್ರಕ್ಕೆ ತೆರೆದಾಗ ಮಾತ್ರ. ಹಾಳೆ ಕಾಗದದ್ದಲ್ಲ, ಹದ ಮಾಡಿ ನಯಗೊಳಿಸಿದ ಕರುವಿನ ಚರ್ಮದ್ದು. ಬೆಲೆಬಾಳುವ ನೀಲಿಯನ್ನು ಅರೆಯುತ್ತಿದ್ದದ್ದು ರಾಜಾವರ್ತ ಕಲ್ಲಿನಿಂದ, ಅದು ಯುರೋಪಿಗೆ ಬರುತ್ತಿದ್ದದ್ದು ಈಗಿನ ಆಫ್ಘಾನಿಸ್ತಾನದ ಬದಕ್ಷಾನ್ ಗಣಿಗಳಿಂದ.

ಎಲ್ಲ ಪುಟಗಳೂ ಆ ಮೂವರವೇ?

ಅಲ್ಲ. 1416 ಕಳೆಯುವಷ್ಟರಲ್ಲಿ ಡ್ಯೂಕನೂ ಇರಲಿಲ್ಲ, ಮೂವರು ಸಹೋದರರೂ ಇರಲಿಲ್ಲ. ಪುಸ್ತಕ ಅರ್ಧಕ್ಕೆ ನಿಂತು, ಹೊಲಿಗೆಯೂ ಆಗದೆ ಬಿಡಿ ಕಟ್ಟುಗಳಾಗಿ ಉಳಿಯಿತು. 1440ರ ದಶಕದ ಸುಮಾರಿಗೆ ಇನ್ನೊಬ್ಬ ಚಿತ್ರಕಾರ ಕೆಲವು ಪುಟಗಳಿಗೆ ಕೈಹಾಕಿದನು. ಅವನು ಬಾರ್ತೆಲೆಮಿ ದೈಕ್ ಇರಬೇಕೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅಕ್ಟೋಬರ್ ಪುಟದಲ್ಲಿ ಜನರ ನೆರಳು ನೆಲದ ಮೇಲೂ ದೋಣಿಗಳ ಪ್ರತಿಬಿಂಬ ನೀರಿನ ಮೇಲೂ ಬಿದ್ದಿರುವುದು ಈ ನಂತರದ ಕಾಲದ ಕಣ್ಣನ್ನು ಸೂಚಿಸುತ್ತದೆ. ಕೊನೆಗೆ 1485ರ ಹೊತ್ತಿಗೆ ಸವಾಯ್‌ನ ಡ್ಯೂಕ್ ಚಾರ್ಲ್ಸನಿಗಾಗಿ ಬೂರ್ಜ್ ಊರಿನ ಜಾಂ ಕೊಲೋಂಬ್ ಉಳಿದದ್ದನ್ನು ಪೂರೈಸಿದನು. ನವೆಂಬರಿನ ಹಂದಿಗಳು ಅವನವು. ಸೆಪ್ಟೆಂಬರಿನಲ್ಲಿ ಕೋಟೆ ಮೊದಲಿನವರದ್ದು, ಕೆಳಗಿನ ದ್ರಾಕ್ಷಿ ಕೊಯ್ಯುವವರು ಅವನವರು. ಅವನ ಜನರ ಮುಖಗಳು ಒರಟು, ಮೈಗಟ್ಟು ಗಿಡ್ಡ. ಅವನ ಕೈ ಕಡಿಮೆಯದೆಂದು ಹೇಳುವುದು ವಾಡಿಕೆಯಾಗಿದೆ, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಹಣ್ಣು ಬಾಯಿಗೆ ಹಾಕಿಕೊಳ್ಳುವ ಆ ಕೂಲಿಯಾಳಿಗಾಗಿ ಅವನನ್ನು ಕ್ಷಮಿಸಬಹುದು.

ಇಷ್ಟು ಕಾಲ ಪುಸ್ತಕ ಎಲ್ಲಿತ್ತು?

ಸವಾಯ್ ಮನೆತನಕ್ಕೆ ಸೊಸೆಯಾಗಿ ಬಂದು ವಿಧವೆಯಾದ ಆಸ್ಟ್ರಿಯಾದ ಮಾರ್ಗರೆಟ್ ಇದನ್ನು ಈಗಿನ ಬೆಲ್ಜಿಯಂನ ಮೆಖೆಲೆನ್ ನಗರಕ್ಕೆ ಒಯ್ದಳು. ಅವಳು 1530ರಲ್ಲಿ ತೀರಿಕೊಂಡ ಮೇಲೆ ಪುಸ್ತಕ ಬಹುಕಾಲ ಲೋಕದ ಕಣ್ಣಿಗೆ ಬೀಳಲಿಲ್ಲ. ಮತ್ತೆ ಕಾಣಿಸಿಕೊಂಡದ್ದು ಇಟಲಿಯ ಜಿನೋವಾದಲ್ಲಿ. ಫ್ರಾನ್ಸಿನ ಪದಚ್ಯುತ ದೊರೆ ಲೂಯಿ ಫಿಲಿಪ್ಪನ ಮಗ, ಓಮಾಲ್‌ನ ಡ್ಯೂಕ್ ಆಂರಿ, ಆಗ ದೇಶಭ್ರಷ್ಟನಾಗಿ ಇಂಗ್ಲೆಂಡಿನಲ್ಲಿದ್ದನು. ಬ್ರಿಟಿಷ್ ಮ್ಯೂಸಿಯಂನ ಗ್ರಂಥಪಾಲಕ ಪಾನಿತ್ಸಿ ಕೊಟ್ಟ ಸುಳಿವು ಹಿಡಿದು ಹೋಗಿ, 1856ರಲ್ಲಿ 18,000 ಫ್ರಾಂಕಿಗೆ ಕೊಂಡುಕೊಂಡನು. ಅವನು ದೇಶಕ್ಕೆ ಮರಳಿದಾಗ ಪುಸ್ತಕವೂ ಮರಳಿತು.

ಅದು ಬೆರ್ರಿ ಡ್ಯೂಕನದೆಂದು ಗೊತ್ತಾದದ್ದು ಇನ್ನೂ ತಡವಾಗಿ. 1881ರಲ್ಲಿ ಲೆಯೊಪೋಲ್ ದೆಲೀಲ್ ಎಂಬ ವಿದ್ವಾಂಸನು, ಡ್ಯೂಕ್ ಸತ್ತ ಮೇಲೆ ಮಾಡಿದ 1416ರ ಭಂಡಾರದ ಪಟ್ಟಿಯಲ್ಲಿದ್ದ ಒಂದು ಸಾಲಿನೊಡನೆ ಇದನ್ನು ಹೊಂದಿಸಿ ನೋಡಿದನು. ಪೆಟ್ಟಿಗೆಯೊಂದರಲ್ಲಿ ಪೋಲ್ ಮತ್ತು ಅವನ ಸಹೋದರರು ಮಾಡುತ್ತಿದ್ದ, ಬಹು ಸಿರಿಯಾದ ಹೊತ್ತುಗಳ ಹಲವು ಕಟ್ಟುಗಳಿವೆ ಎಂಬ ಅರ್ಥದ ಸಾಲು ಅದು. ಬೆಲೆ ಅಂದಿನ ಫ್ರೆಂಚ್ ಹಣದಲ್ಲಿ 500 ಲಿವ್ರ್. ಪುಸ್ತಕದ ಈಗಿನ ಹೆಸರು ಬಂದದ್ದು ಲೆಕ್ಕ ಬರೆಯುವ ಗುಮಾಸ್ತನ ಆ ಸಾಲಿನಿಂದಲೇ.

ಇಂದು ಮಾರಿದರೆ ಎಷ್ಟಾದೀತು?

ಮಾರುವಂತಿಲ್ಲ. ಓಮಾಲ್ ಡ್ಯೂಕ್ 1886ರ ದಾನಪತ್ರದ ಮೂಲಕ ಶಾಂತಿಯಿ ಅರಮನೆಯನ್ನೂ ಅದರ ಸಂಗ್ರಹವನ್ನೂ ಫ್ರಾನ್ಸಿನ ವಿದ್ವತ್ಸಂಸ್ಥೆಯಾದ ಎನ್‌ಸ್ತಿತ್ಯೂಗೆ ಬಿಟ್ಟುಕೊಟ್ಟನು. ಯಾವುದನ್ನೂ ಹೊರಗೆ ಎರವಲು ಕೊಡಕೂಡದೆಂಬುದೂ ಅವನ ಷರತ್ತು.

ಹಾಗಾದರೆ ಶಾಂತಿಯಿಗೆ ಹೋದರೆ ನೋಡಲು ಸಿಗುತ್ತದೆಯೆ?

ಸಾಮಾನ್ಯವಾಗಿ ಸಿಗುವುದಿಲ್ಲ. ಬೆಳಕು ಮತ್ತು ತೇವದ ಭಯದಿಂದ ಮೂಲವನ್ನು ಹೊರತೆಗೆಯುವುದು ತೀರ ಅಪರೂಪ. ಸಂರಕ್ಷಣೆಯ ಕೆಲಸಕ್ಕಾಗಿ ಕಟ್ಟು ಬಿಚ್ಚಿದ್ದ ಸಂದರ್ಭ ಬಳಸಿಕೊಂಡು, 2025ರ ಜೂನ್‌ನಿಂದ ಅಕ್ಟೋಬರಿನವರೆಗೆ ಹನ್ನೆರಡು ತಿಂಗಳ ಪುಟಗಳನ್ನೂ ಬಿಡಿಬಿಡಿಯಾಗಿ ಅಲ್ಲಿ ಪ್ರದರ್ಶಿಸಲಾಯಿತು. ಬೇರೆ ದಿನಗಳಲ್ಲಿ ಹೋಗುವವರು ಮೂಲವನ್ನು ಕಾಣುವ ಆಸೆಯಿಟ್ಟುಕೊಂಡು ಹೋಗುವುದು ಬೇಡ. ಅರಮನೆ, ಚಿತ್ರಶಾಲೆ ಮತ್ತು ಪುಸ್ತಕಭಂಡಾರಗಳೇ ಒಂದು ದಿನಕ್ಕೆ ಸಾಕಷ್ಟಾಗುತ್ತವೆ.

ಮನೆಯಲ್ಲಿ ಕುಳಿತು ನೋಡಲು ಏನು ದಾರಿ?

1984ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಮೂಲವನ್ನು ಹಾಳೆಹಾಳೆಯಾಗಿ ಹೋಲುವ 980 ಪ್ರತಿಗಳನ್ನು ಅಚ್ಚು ಹಾಕಿದರು. ಅವು ಇಂದು ದೊಡ್ಡ ಗ್ರಂಥಾಲಯಗಳಲ್ಲಿ ಮತ್ತು ಹಣವಂತ ಸಂಗ್ರಾಹಕರಲ್ಲಿವೆ. ನಮ್ಮಂಥವರಿಗೆ ಅಂತರಜಾಲದಲ್ಲಿ ಸಿಗುವ ದೊಡ್ಡ ಅಳತೆಯ ಛಾಯಾಚಿತ್ರಗಳೇ ಸಾಕು.

ಹಳೆಯ ಪುಸ್ತಕದ ಅಂಗಡಿಯಲ್ಲಿ ಇದರ ‘ಅಸಲಿ ಪುಟ’ ಎಂದು ಮಾರುತ್ತಿದ್ದಾರೆ. ಕೊಳ್ಳಬಹುದೆ?

ಅಸಲಿ ಎಂಬ ಮಾತನ್ನು ನಂಬಿ ಕೊಳ್ಳಬೇಡಿ. ಮೂಲದ ಹನ್ನೆರಡು ತಿಂಗಳ ಪುಟಗಳೂ ಶಾಂತಿಯಿಯಲ್ಲಿವೆ. ಮಾರಾಟಕ್ಕಿರುವುದು ಅಚ್ಚಿನ ಗೋಡೆ ಕ್ಯಾಲೆಂಡರಿನ ಹಾಳೆ, ಕಲಾಪುಸ್ತಕದಿಂದ ಕತ್ತರಿಸಿದ ಪುಟ ಅಥವಾ ಭಿತ್ತಿಪತ್ರ. ಅದು ಅಚ್ಚಿನದೆಂದು ತಿಳಿದೂ ಗೋಡೆಗೆ ಹಾಕಲು ಇಷ್ಟಪಟ್ಟರೆ ತಪ್ಪೇನಿಲ್ಲ.

ಅಚ್ಚಿನ ಪ್ರತಿ ಚೆನ್ನಾಗಿದೆಯೆಂದು ಗುರುತಿಸುವುದು ಹೇಗೆ?

ಮೊದಲು ಅಳತೆ ನೋಡಿ. ಮೂಲ ಸಣ್ಣದು, ಆದ್ದರಿಂದ ಗೋಡೆಯಗಲಕ್ಕೆ ಹಿಗ್ಗಿಸಿದ ಮುದ್ರಣದಲ್ಲಿ ಗೆರೆಗಳು ಒರಟಾಗುತ್ತವೆ, ಅಂಚೆ ಕಾರ್ಡಿನಷ್ಟಕ್ಕೆ ಕುಗ್ಗಿಸಿದ್ದರಲ್ಲಿ ವಿವರಗಳು ಹೂತುಹೋಗುತ್ತವೆ. ಬಳಿಕ ಆಕಾಶದ ನೀಲಿಯನ್ನು ನೋಡಿ. ಅದು ನೇರಳೆಗೆ ತಿರುಗಿದ್ದರೆ ಬಣ್ಣ ಕೈತಪ್ಪಿದೆಯೆಂದೇ ಅರ್ಥ. ನಂತರ ಒಂದು ಭೂತಗನ್ನಡಿ ತೆಗೆದುಕೊಂಡು ಎರಡು ಜಾಗಗಳನ್ನು ಹುಡುಕಿ: ಫೆಬ್ರವರಿಯಲ್ಲಿ ಕೈಗೆ ಬಿಸಿಯೂದಿಕೊಳ್ಳುವವರ ಬಾಯಿಂದ ಹೊರಡುವ ಬಿಳಿಯ ಉಸಿರು, ಅಕ್ಟೋಬರಿನಲ್ಲಿ ಬೆದರುಬೊಂಬೆಯ ಸುತ್ತ ಬಿತ್ತಿದ ಹೊಲದ ಮೇಲೆ ಎಳೆದ ದಾರಗಳು. ಇವೆರಡೂ ಕಂಡರೆ ಆ ಪ್ರತಿಗೆ ಹಣ ಕೊಡಬಹುದು.